ಹಸಿರು ಚುಕ್ಕೆಯ ಬ್ರೌನಿ ಪ್ಯಾಕೆಟ್ ಮತ್ತು ಎರಡು ಮೊಟ್ಟೆ

ಶಿರಸಿಯ ಪೇಟೆಯಲ್ಲಿ ಕೊಂಡ ಬ್ರೌನಿ (ಹೆಚ್ಚು ಉಬ್ಬದ, ಒಳಗೆ ಅಂಟಂಟಾದ ಚಾಕಲೇಟ್ ತಿನಿಸು) ಪುಡಿಯ ಪ್ಯಾಕೆಟ್ಟಿನ ಮುಂಭಾಗದಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ ಎದ್ದು ಕಾಣುತ್ತಿತ್ತು. ಮನೆಗೆ ಬಂದು ಹಿಂದೆ ತಿರುಗಿಸಿದಾಗ, ಸಣ್ಣ ಅಕ್ಷರದಲ್ಲಿ ಎಣ್ಣೆ, ನೀರು ಹಾಗೂ ಎರಡು ಮೊಟ್ಟೆ ಸೇರಿಸಬೇಕೆಂದು ಬರೆದಿತ್ತು. ನಮ್ಮ ದೇಶದ ನಿಯಮದಂತೆ ಮೊಟ್ಟೆಯಿರುವ ತಿನಿಸಿಗೆ ಕಂದು ಗುರುತು ಕಡ್ಡಾಯ. ಒಣಪುಡಿಯಲ್ಲಿ ಮೊಟ್ಟೆ ಇಲ್ಲದ ಕಾರಣ ಹಸಿರು ಚುಕ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಮೊಟ್ಟೆ ಒಳಗೆ ಬಾರದ ನಮ್ಮಂಥ ಮನೆಗಳಿಗೂ ಇದನ್ನು ಮಾರುವವರು, ಬದಲಿಗೆ ಏನು ಹಾಕಬಹುದೆಂದು ಒಂದು ಸಾಲು ಬರೆಯಬಾರದಿತ್ತೇ ಎನಿಸಿತು. ಆ ಸಾಲಿನ ಹುಡುಕಾಟದಲ್ಲಿ ಒಂದೇ ಬಗೆಯ ಮೂರು ಪ್ಯಾಕೆಟ್ ಖರ್ಚಾದವು.

ಸಿಪ್ಪೆ ತೆಗೆದ ಒಂದು ಮೊಟ್ಟೆ ಸುಮಾರು 50 ಗ್ರಾಂ ತೂಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರೇ. ಉಳಿದುದರಲ್ಲಿರುವ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ, ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯನ್ನೂ ನೀರನ್ನೂ ಬೆರೆಸುತ್ತದೆ. ಬದಲಿ ವಸ್ತು ಈ ಕೆಲಸಗಳಲ್ಲಿ ಎಷ್ಟನ್ನು ಮಾಡಬಲ್ಲದು ಎಂಬುದೇ ಪ್ರಶ್ನೆ.

ಮೊದಲ ಸಲ ಒಂದು ಮೊಟ್ಟೆಯ ಬದಲಿಗೆ ಕಾಲು ಕಪ್ಪಿನಂತೆ ಅರ್ಧ ಕಪ್ ಮೊಸರು ಹಾಕಿದೆ. ಪುಡಿಯಲ್ಲಿದ್ದ ಸೋಡಾಕ್ಕೆ ಹುಳಿ ತಾಗಿ ಬ್ರೌನಿ ಕೇಕಿನ ಹಾಗೆ ಉಬ್ಬಿತು, ಮೇಲ್ಮೈಯ ಬಿರುಕು ಬಿಟ್ಟ ತೆಳು ಪದರ ಮಾತ್ರ ಬರಲಿಲ್ಲ. ಮನೆಯ ಮೊಸರು ನೀರಾಗಿದ್ದುದರಿಂದ ನಡುಭಾಗ ಬೇಯಲು ಹತ್ತು ನಿಮಿಷ ಹೆಚ್ಚೇ ಬೇಕಾಯಿತು. ಮೊಸರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕಿತ್ತು. ಎರಡನೆಯ ಸಲ ಅದೇ ಅಳತೆಯಲ್ಲಿ ಕಿವುಚಿದ ಬಾಳೆಹಣ್ಣು. ಚಾಕಲೇಟಿನ ರುಚಿಯೆಲ್ಲ ಹಣ್ಣಿನ ಕೆಳಗೆ ಅಡಗಿಹೋಯಿತು. ಒಂದು ತುಂಡು ಬಾಯಿಗಿಟ್ಟ ಆಯಿ, “ಇದು ಬಾಳೆಹಣ್ಣಿನ ಮುಳ್ಕನೇ ಆತಲೆ ಕೂಸೆ” ಎಂದು, ಹಣ್ಣು ಕಲಸಿ ಕರಿಯುವ ನಮ್ಮ ಸಿಹಿತಿಂಡಿಗೆ ಹೋಲಿಸಿ ತೀರ್ಪು ಕೊಟ್ಟಳು. ತಿನ್ನಲು ಚೆನ್ನಾಗಿತ್ತು, ಬ್ರೌನಿಯಾಗಿರಲಿಲ್ಲ.

ಗೆದ್ದದ್ದು ಅಗಸೆ ಬೀಜ. ಹುಬ್ಬಳ್ಳಿ-ಧಾರವಾಡದ ಕಡೆ ಚಟ್ನಿಪುಡಿಗೆ ಬಳಸುವ ಅದೇ ಬೀಜವನ್ನು ನುಣ್ಣಗೆ ಪುಡಿಮಾಡಿ, ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಪುಡಿ, ಮೂರು ದೊಡ್ಡ ಚಮಚ ನೀರು ಎಂಬ ಲೆಕ್ಕದಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ, ತಲೆಗೆ ಹಚ್ಚಲು ಕಿವುಚಿದ ದಾಸವಾಳ ಸೊಪ್ಪಿನಂತೆ ಲೋಳೆಯಾಗಿ ಚಮಚದಿಂದ ಎಳೆಎಳೆಯಾಗಿ ಇಳಿಯುತ್ತದೆ. ಬೀಜ ತರಿತರಿಯಾಗಿದ್ದರೆ ಲೋಳೆ ಬಿಡುವುದು ಕಡಿಮೆ, ಹಲ್ಲಿಗೂ ಸಿಗುತ್ತದೆ. ಓಟಿಜಿ ಎಂಬ ವಿದ್ಯುತ್ ಒಲೆಯಿಂದ ತೆಗೆದ ಕೂಡಲೇ ಚೂರಿ ಹಾಕಿದೆ, ತುಂಡು ಪುಡಿಪುಡಿಯಾಯಿತು. ಉಳಿದುದನ್ನು ಪೂರ್ತಿ ಆರಲು ಬಿಟ್ಟು ಕತ್ತರಿಸಿದಾಗ ಅಂಚು ನೇರವಾಗಿ ಬಂದು, ಒಳಗೆ ಬ್ರೌನಿಗೆ ತಕ್ಕ ಅಂಟು ಉಳಿದಿತ್ತು. ಬಿಸಿಯಿದ್ದಾಗ ಬರುವ ತುಸು ಕಾಳಿನ ವಾಸನೆ ಮರುದಿನಕ್ಕೆ ಇರಲಿಲ್ಲ.

ಪುಡಿಯ ಬಗ್ಗೆ ಹೇಳುವುದಾದರೆ, ಕೋಕೋ ಪರಿಮಳ ಒಳ್ಳೆಯದಿದೆ, ಸಿಹಿ ಮಾತ್ರ ನಮ್ಮ ನಾಲಿಗೆಗೆ ಅತಿಯಾಯಿತು. ಒಂದು ಚಿಟಿಕೆ ಉಪ್ಪು ಹಾಕಿದರೆ ಸಹ್ಯವಾಗುತ್ತದೆ. ಅಗಸೆ ಮನೆಯಲ್ಲಿದ್ದರೆ ಈ ಪ್ಯಾಕೆಟ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಆದರೆ ಅದೇ ಕಪಾಟಿನಲ್ಲಿರುವ, ಮೂರು ಮೊಟ್ಟೆ ಕೇಳುವ ಸ್ಪಂಜು ಕೇಕಿನ ಪುಡಿಗೆ ಈ ಉಪಾಯ ಹೊಂದುವುದಿಲ್ಲ. ಅಲ್ಲಿ ಮೊಟ್ಟೆ ಅಂಟಿಗಷ್ಟೇ ಅಲ್ಲ, ಗಾಳಿ ಹಿಡಿದು ಕೇಕನ್ನು ಎತ್ತಿ ನಿಲ್ಲಿಸುವುದಕ್ಕೂ ಬೇಕು, ಅಗಸೆಯ ಲೋಳೆಗೆ ಆ ಶಕ್ತಿಯಿಲ್ಲ. ಅಂಥ ಕೇಕು ಬೇಕೆನಿಸಿದಾಗ ‘ಎಗ್‌ಲೆಸ್’ ಎಂದೇ ಬರೆದಿರುವ ಪುಡಿಯನ್ನು ತರುವುದು ಲೇಸು, ಅದೂ ಹಿಂಬದಿಯನ್ನು ಅಂಗಡಿಯಲ್ಲೇ ಓದಿಕೊಂಡು.