ರೆಡಿಮೇಡ್ ಇಜಿಎಫ್‌ಆರ್ ಲೆಂಟಿವೈರಸ್: ಕಾರವಾರದ ಲ್ಯಾಬಿನಲ್ಲಿ ಬಳಸಿ ನೋಡಿದ್ದು

ನಮ್ಮಂಥ ಸಣ್ಣ ಲ್ಯಾಬಿನವರು ರೆಡಿಮೇಡ್ ಲೆಂಟಿವೈರಸ್, ಅಂದರೆ ಬೇಕಾದ ಜೀನನ್ನು ಕೋಶದೊಳಗೆ ಸೇರಿಸಲು ಬಳಸುವ ವೈರಸ್, ಕೊಳ್ಳಬಹುದೇ? ಧಾರಾಳವಾಗಿ ಕೊಳ್ಳಿ. ಆದರೆ ಮಳೆಗಾಲದಲ್ಲಿ ತರಿಸಬೇಡಿ, ವೈಯಲ್ ಬಂತೆಂದು ಧಾರಾಳವಾಗಿ ಸುರಿಯಲೂಬೇಡಿ.

ನಾವು ಬಳಸುತ್ತಿರುವುದು ಮಾನವ ಇಜಿಎಫ್‌ಆರ್ ಜೀನಿನದ್ದು. ಇಜಿಎಫ್ ಎಂಬ ಬೆಳವಣಿಗೆಯ ಸಂಕೇತವನ್ನು ಹಿಡಿಯುವ, ಕೋಶದ ಪೊರೆಯ ಮೇಲಿನ ರಿಸೆಪ್ಟರ್ ಪ್ರೋಟೀನ್ ಇದರಿಂದ ತಯಾರಾಗುತ್ತದೆ. ಪ್ರೋಟೀನಿನ ಕೊನೆಯ ತುದಿಗೆ (ಸಿ-ತುದಿ) ಗುರುತಿಗಾಗಿ ಮಿಕ್-ಡಿಡಿಕೆ ಟ್ಯಾಗ್ (ಡಿಡಿಕೆ ಅಂದರೆ ಫ್ಲ್ಯಾಗ್), ಆಯ್ಕೆಗೆ ಪ್ಯೂರೊಮೈಸಿನ್, ಅಂದರೆ ವೈರಸ್ ಹೊಗದ ಕೋಶವನ್ನು ಕೊಲ್ಲುವ ಆಂಟಿಬಯೋಟಿಕ್. 200 ಮೈಕ್ರೊಲೀಟರಿನ ವೈಯಲ್, ಮಿಲಿಲೀಟರಿಗೆ ಒಂದು ಕೋಟಿ ಟಿಯು (ಕೋಶಕ್ಕೆ ಜೀನ್ ಸೇರಿಸಬಲ್ಲ ವೈರಸ್ ಕಣದ ಲೆಕ್ಕ). ಟ್ಯಾಗ್ ಇರುವ ಜಾಗ ಸರಿಯಾಗಿದೆ: ಆರಂಭದ ತುದಿಯ (ಎನ್-ತುದಿ) ಮೊದಲ 24 ಅಮೈನೊ ಆಮ್ಲಗಳು ಪ್ರೋಟೀನನ್ನು ಪೊರೆಯತ್ತ ಕಳಿಸುವ ಸಿಗ್ನಲ್ ಪೆಪ್ಟೈಡ್, ಅದು ಕತ್ತರಿಸಿ ಹೋಗುವಾಗ ಅಲ್ಲಿದ್ದ ಟ್ಯಾಗ್ ಕೂಡ ಹೋಗುತ್ತಿತ್ತು. ಸಿ-ತುದಿ ಕೋಶದ ಒಳಗಿರುವುದರಿಂದ, ಫ್ಲ್ಯಾಗ್ ಆಂಟಿಬಾಡಿ ಹಾಕುವ ಮುಂಚೆ ಕೋಶದ ಪೊರೆಯಲ್ಲಿ ರಂಧ್ರ ಮಾಡಲೇಬೇಕು. ಪ್ರೋಟೀನನ್ನು ಗಾತ್ರದಂತೆ ಬೇರ್ಪಡಿಸಿ ಪತ್ತೆಹಚ್ಚುವ ವೆಸ್ಟರ್ನ್ ಬ್ಲಾಟಿನಲ್ಲಿ ಬ್ಯಾಂಡ್ 170 ಕಿಲೊಡಾಲ್ಟನ್ ಹತ್ತಿರ ಬರುತ್ತದೆ. ಪ್ರೋಟೀನಿನ ಲೆಕ್ಕ 134ರ ಆಸುಪಾಸು ಅಂತ ಹೊಸ ಹುಡುಗರು ಗಾಬರಿಯಾಗುತ್ತಾರೆ. ಉಳಿದದ್ದು ಬಹುಪಾಲು ಪ್ರೋಟೀನಿಗೆ ಅಂಟಿದ ಸಕ್ಕರೆಯ ಭಾರ.

ನಿಜವಾದ ವಿಷಯ ಪ್ರಮಾಣದ್ದು. ಒಂದು ಲಕ್ಷ ಕೋಶಕ್ಕೆ ಎಂಒಐ (ಕೋಶವೊಂದಕ್ಕೆ ಸರಾಸರಿ ಎಷ್ಟು ವೈರಸ್ ಕಣ) 5 ಹಾಕಿದರೆ 50 ಮೈಕ್ರೊಲೀಟರ್ ಬೇಕು, ಕೋಶ ಬೆಳೆಸುವ ತಟ್ಟೆಯ ನಾಲ್ಕೇ ಕುಳಿಗೆ ವೈಯಲ್ ಖಾಲಿ. ಎಂಒಐ 0.3 ಆದರೆ 3 ಮೈಕ್ರೊಲೀಟರ್ ಸಾಕು. ಆಗ ನೂರರಲ್ಲಿ ಸುಮಾರು 26 ಕೋಶಕ್ಕೆ ಮಾತ್ರ ವೈರಸ್ ಹೊಗುತ್ತದೆ, ಅವುಗಳಲ್ಲಿ ಹೆಚ್ಚಿನವಕ್ಕೆ ಜೀನಿನ ಒಂದೇ ಪ್ರತಿ. ಉಳಿದವನ್ನು ಪ್ಯೂರೊಮೈಸಿನ್ ನೋಡಿಕೊಳ್ಳುತ್ತದೆ. ದುಡ್ಡು ಉಳಿಯುವುದು ಆಮೇಲಿನ ಮಾತು. ಈ ರಿಸೆಪ್ಟರ್ ಪೊರೆಯ ಮೇಲೆ ಕಿಕ್ಕಿರಿದರೆ ಇಜಿಎಫ್ ಇಲ್ಲದೆಯೂ ಜೋಡಿ ಕಟ್ಟಿ ತಾನೇ ಫಾಸ್ಫೇಟ್ ಅಂಟಿಸಿಕೊಂಡು ಚಾಲೂ ಆಗುತ್ತದೆ. ಆಮೇಲೆ ಔಷಧ ಹಾಕಿ ಏನನ್ನು ಅಳೆಯುವುದು? ಇಜಿಎಫ್‌ಆರ್ ಇಲ್ಲದ ಸಿಎಚ್‌ಒ (ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದ) ಕೋಶದಲ್ಲಿ ಕಡಿಮೆ ಹಾಕಿದಾಗಲೇ ನಮಗೆ ಸ್ವಚ್ಛ ಫಲಿತಾಂಶ ಸಿಕ್ಕಿದ್ದು. ಒಂದು ಮಾತು, ಟೈಟರ್ (ಮಿಲಿಲೀಟರಿಗೆ ಇಷ್ಟು ಟಿಯು ಎಂಬ ಅಂಕಿ) ಸಾಮಾನ್ಯವಾಗಿ ಎಚ್‌ಇಕೆ (ಮನುಷ್ಯರ ಮೂತ್ರಪಿಂಡದ) ಕೋಶದಲ್ಲಿ ಅಳೆದದ್ದು. ಸಿಎಚ್‌ಒದಲ್ಲಿ ಅಷ್ಟು ಬರುವುದಿಲ್ಲ, ನೀವೇ ಒಮ್ಮೆ ಅಳೆದು ನೋಡಿ.

ಸಾಗಾಟ ಮಾತ್ರ ತಲೆನೋವು. ಡಬ್ಬಿ ಗೋವಾಕ್ಕೆ ವಿಮಾನದಲ್ಲಿ ಬಂದು, ಅಲ್ಲಿಂದ ವ್ಯಾನಿನಲ್ಲಿ ಕಾಳಿ ನದಿ ದಾಟಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೇ ಸೇತುವೆ ಕುಸಿದಾಗ ನಮ್ಮ ಡಬ್ಬಿ ಸದಾಶಿವಗಡದ ಕಡೆಯೇ ಉಳಿದಿತ್ತು. ಕೊನೆಗೆ ತಂದ ಅಟೆಂಡರ್ ಮುಚ್ಚಳ ಎತ್ತಿ, "ಅಕ್ಕೋರೆ, ಇನ್ನೂ ಹೊಗೆ ಏಳ್ತದೆ" ಅಂದಾಗಲೇ ನನಗೆ ಸಮಾಧಾನ. ಡ್ರೈ ಐಸ್ ಧಾರಾಳವಾಗಿ ತುಂಬಿದ್ದಕ್ಕೆ ಕಂಪನಿಗೆ ಪೂರ್ತಿ ಅಂಕ. ಒಂದೇ ದೊಡ್ಡ ವೈಯಲ್ ಕಳಿಸುವುದಕ್ಕೆ ಅಂಕ ಕಳೆಯುತ್ತೇನೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಟೈಟರ್ ಇಳಿಯುತ್ತದೆ, ಆದ್ದರಿಂದ ಮೊದಲ ಸಲ ಕರಗಿಸಿದಾಗಲೇ 10 ಮೈಕ್ರೊಲೀಟರಿನಂತೆ ಹಂಚಿ ಮೈನಸ್ 80ಕ್ಕೆ ಇಡುತ್ತೇವೆ.

ಇದು ತಾನಾಗಿ ವೃದ್ಧಿಯಾಗದ ವೈರಸ್ಸೇ ಆದರೂ ಒಳಗಿರುವುದು ಕ್ಯಾನ್ಸರ್‌ಗೆ ನಂಟಿರುವ ಜೀನ್, ಮನುಷ್ಯರ ಕೋಶಕ್ಕೂ ಹೊಗುತ್ತದೆ. ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ, ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆಯ) ಕೋಣೆ ಇಲ್ಲದವರು ಆರ್ಡರ್ ಮಾಡುವ ಯೋಚನೆಯನ್ನೇ ಬಿಡಿ.

ದೀರ್ಘಕಾಲದ ದೂರು ಒಂದಿದೆ. ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕಿಗೆ ಪ್ರಮೋಟರ್ ಅನ್ನುತ್ತಾರೆ, ನಮ್ಮದು ಸಿಎಂವಿ ಪ್ರಮೋಟರಿನದ್ದು. ಪ್ಯೂರೊಮೈಸಿನ್ ನಿಲ್ಲಿಸಿ ತಿಂಗಳುಗಟ್ಟಲೆ ಬೆಳೆಸಿದರೆ ಬ್ಯಾಂಡ್ ಮಸುಕಾಗುತ್ತ ಹೋಗುತ್ತದೆ. ಹಾಗಾಗಿ ಮೊದಲ ಪ್ಯಾಸೇಜುಗಳಲ್ಲೇ (ಕೋಶಗಳನ್ನು ಹೊಸ ತಟ್ಟೆಗೆ ವರ್ಗಾಯಿಸುವ ಸುತ್ತುಗಳು) ಸಾಕಷ್ಟು ಕೋಶಗಳನ್ನು ದ್ರವ ಸಾರಜನಕಕ್ಕೆ ಹಾಕಿಟ್ಟಿದ್ದೇವೆ. ಮುಂದಿನ ಆರ್ಡರ್ ದೀಪಾವಳಿ ಕಳೆದ ಮೇಲೆ, ಇಎಫ್-1 ಆಲ್ಫಾ ಪ್ರಮೋಟರಿನದ್ದು.