ಸೋಲಾರ್ ಬಿಸಿನೀರಿಗೆ ಸಿಪಿವಿಸಿ ಪೈಪ್: ಪೈಪ್ ಪಾಸ್, ಜೋಡಣೆ ನಪಾಸು

ಮಂಗಳೂರು, ಉಡುಪಿ ಕಡೆಯ ತಾರಸಿ ಮನೆಗಳಲ್ಲಿ ಸೋಲಾರ್ ಹೀಟರಿನಿಂದ ಬಚ್ಚಲಿಗೆ ಇಳಿಯುವ ಲೈನಿಗೆ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪ್) ಹಾಕುವುದು ಈಗ ರೂಢಿ. ಎಸ್‌ಡಿಆರ್ 11 ದರ್ಜೆಯದ್ದು (ಹೊರವ್ಯಾಸ ಗೋಡೆಯ ದಪ್ಪದ 11 ಪಟ್ಟು; ಈ ಅಂಕಿ ಹೆಚ್ಚಿದಷ್ಟೂ ಪೈಪ್ ತೆಳು), ಭಾರತೀಯ ಮಾನಕದ ಸಂಖ್ಯೆ ಐಎಸ್ 15778 ಎಂದು ಮೈಮೇಲೆ ಅಚ್ಚಾದದ್ದು ಕೇಳಿ ತಂದರೆ ಪೈಪನ್ನು ದೂರಲು ಕಾರಣವಿಲ್ಲ. 82 ಡಿಗ್ರಿ ಬಿಸಿಯಲ್ಲೂ ಚದರ ಸೆಂಟಿಮೀಟರಿಗೆ ಸುಮಾರು 7 ಕೆಜಿ ಒತ್ತಡ ತಾಳುತ್ತದೆ. ಎರಡು ಮಹಡಿ ಮನೆಯ ತಾರಸಿ ಟ್ಯಾಂಕಿನ ನೀರು ಕೊಡುವ ಒತ್ತಡ 1 ಕೆಜಿಯ ಆಸುಪಾಸು. ಸ್ವಲ್ಪ ಅಗ್ಗವೆಂದು ತೆಳು ಎಸ್‌ಡಿಆರ್ 13.5 ತರುವುದರಲ್ಲಿ ಉಳಿತಾಯ ಏನೂ ಇಲ್ಲ. ಬಿಳಿ ಯುಪಿವಿಸಿಯಂತೂ ತಣ್ಣೀರಿಗೆ ಮಾತ್ರ. ಸೋಲಾರಿನ ಬಿಸಿಗೆ ಅದು ಮೆತ್ತಗಾಗಿ ಜೋಲುತ್ತದೆ.

ನಮ್ಮ ಕಡೆ ಸಿಪಿವಿಸಿಯ ನಿಜವಾದ ಲಾಭ ಬೇರೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ಬಾವಿ ನೀರು ಮೆದು, ಆದರೆ ಸ್ವಲ್ಪ ಆಮ್ಲೀಯ. ಪಾತ್ರೆಯಲ್ಲಿ ಸುಣ್ಣ ಕಟ್ಟುವುದು ಕಡಿಮೆ, ಕಬ್ಬಿಣ ತಿನ್ನುವುದು ಹೆಚ್ಚು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಮರೆ, ಅಂದರೆ ತಿರುಪಿನ ಗೆರೆ, ಕೊರೆದ ಜಾಗದಲ್ಲಿ ಒಳಗಿನಿಂದಲೇ ತುಕ್ಕು ಹಿಡಿದು ಜಿನುಗುತ್ತದೆ. ಸಿಪಿವಿಸಿಗೆ ಆ ರೋಗವಿಲ್ಲ.

ಹಾಗಾದರೆ ಸೋರುವುದು ಎಲ್ಲಿ? ಪೈಪ್ ತಿರುಗುವ ಮೂಲೆಯ ಎಲ್ಬೋದಲ್ಲಿ ಮತ್ತು ಹಿತ್ತಾಳೆ ಮರೆಯ ಫಿಟ್ಟಿಂಗಿನಲ್ಲಿ. 10 ಮೀಟರ್ ಉದ್ದದ ಸಿಪಿವಿಸಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 25 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ತಾಮ್ರ 7 ಮಿಲಿಮೀಟರ್ ಮಾತ್ರ. ಕ್ಲ್ಯಾಂಪನ್ನು ಗೋಡೆಗೆ ಬಿಗಿದುಬಿಟ್ಟರೆ ಈ ಎಳೆದಾಟವೆಲ್ಲ ಎಲ್ಬೋದ ಮೇಲೆ ಬೀಳುತ್ತದೆ. ಪೈಪ್ ಜಾರುವಷ್ಟು ಸಡಿಲ ಕ್ಲ್ಯಾಂಪ್ ಬೇಕು, ಉದ್ದ ಓಟವಿದ್ದರೆ ನಡುವೆ ಒಂದು ತಿರುವು ಬೇಕು. ಹಿತ್ತಾಳೆ ಫಿಟ್ಟಿಂಗಿನ ಕತೆ ಇನ್ನೂ ಸರಳ: ಸ್ಪ್ಯಾನರಿನಲ್ಲಿ ಅತಿಯಾಗಿ ಬಿಗಿದು ಪ್ಲಾಸ್ಟಿಕ್ ಬಾಯಿ ಬಿರುಕು ಬಿಡುತ್ತದೆ. ಟೆಫ್ಲಾನ್ ಟೇಪ್ ಸುತ್ತಿ, ಕೈಯಲ್ಲಿ ಬಿಗಿದ ಮೇಲೆ ಒಂದು ಒಂದೂವರೆ ಸುತ್ತು ಸಾಕು. ಹಳೆಯ ಕ್ರಮದ ನೂಲು, ಎಣ್ಣೆ ಪೇಂಟು ಇಲ್ಲಿ ಬೇಡ. ಎಣ್ಣೆ ಅಂಶ ಸಿಪಿವಿಸಿಯನ್ನು ಕೆಡಿಸುತ್ತದೆ.

ಸೋರಿಕೆ ಕಂಡ ಕೂಡಲೇ 200 ಲೀಟರ್ ಟ್ಯಾಂಕನ್ನು ಖಾಲಿ ಮಾಡುವುದು ಸಾಮಾನ್ಯ ತಪ್ಪು. ಮಂಗಳೂರಿನ ತುಂಬೆ ಅಣೆಕಟ್ಟಿನ ನೀರಿರಲಿ, ಉಡುಪಿಯ ಬಜೆ ಅಣೆಕಟ್ಟಿನ ನೀರಿರಲಿ, ಏಪ್ರಿಲ್–ಮೇಯಲ್ಲಿ ಅಷ್ಟು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು. 15 ಮೀಟರ್ ಲೈನಿನಲ್ಲಿ 4 ಲೀಟರ್, ಒಂದು ಬಕೆಟ್ ಕೂಡ ತುಂಬದು. ಗಾಜಿನ ಕೊಳವೆಯ ಹೆಚ್ಚಿನ ಹೀಟರುಗಳಲ್ಲಿ ಬಿಸಿನೀರಿನ ಬಾಯಿ ಟ್ಯಾಂಕಿನ ಮೇಲ್ಭಾಗದಲ್ಲಿದೆ. ಕೆಳಗಿನಿಂದ ತಣ್ಣೀರು ತಳ್ಳಿದರಷ್ಟೇ ಬಿಸಿನೀರು ಹೊರಡುತ್ತದೆ. ಹಾಗಾಗಿ ಹೀಟರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಬಿಸಿನೀರಿನ ನಲ್ಲಿ ತೆರೆದರೆ ಲೈನ್ ಬರಿದಾಗುತ್ತದೆ, ಟ್ಯಾಂಕ್ ತುಂಬಿಯೇ ಇರುತ್ತದೆ. ನಿಮ್ಮ ಹೀಟರಿನ ಬಾಯಿ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.

ಆಮೇಲೂ ಹನಿ ನಿಲ್ಲದಿದ್ದರೆ ಎರಡು ಕಡೆ ಅನುಮಾನಿಸಿ. ಒಂದು, ತಣ್ಣೀರಿಗೆ ಹಾಕಿದ ಹಳೆಯ ಗೇಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಇನ್ನೊಂದು, ಬಚ್ಚಲಿನ ಮಿಕ್ಸರ್ ನಲ್ಲಿಯ ಮೂಲಕ ತಣ್ಣೀರು ಹಿಂದಕ್ಕೆ ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ. ಆಗ ಬಚ್ಚಲಿನ ತಣ್ಣೀರನ್ನೂ ಮುಚ್ಚಬೇಕು. ಒದ್ದೆ ಪೈಪಿಗೆ ಸಾಲ್ವೆಂಟ್ ಸಿಮೆಂಟ್ (ಪೈಪ್ ಅಂಟಿಸುವ ಅಂಟು) ಹಿಡಿಯುವುದಿಲ್ಲ, ಎಷ್ಟು ಒಳ್ಳೆಯ ಕಂಪನಿಯದ್ದಾದರೂ.

ಸೋರಿಕೆ ಟ್ಯಾಂಕಿನ ಬುಡದಲ್ಲೋ ಕೊಳವೆಯ ಸಿಲಿಕೋನ್ ರಿಂಗಿನಲ್ಲೋ ಇದ್ದರೆ ಮಾತ್ರ ಡ್ರೈನ್ ತೆರೆಯಿರಿ. ಅದಕ್ಕೂ ಮೊದಲು ಏರ್ ವೆಂಟ್ ಪೈಪಿನ ಬಾಯಿ ನೋಡಿ. ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿದ್ದರೆ ಗಾಳಿ ಒಳಹೋಗದೆ ಟ್ಯಾಂಕಿನ ತೆಳು ಸ್ಟೀಲು ಒಳಕ್ಕೆ ಕುಸಿಯುತ್ತದೆ. ಡ್ರೈನ್ ಮಾಡಿದರೂ ಕೊಳವೆಗಳ ನೀರು ಕೊಳವೆಯಲ್ಲೇ ಇರುತ್ತದೆ. 58 ಮಿಲಿಮೀಟರ್ ದಪ್ಪ, 1800 ಮಿಲಿಮೀಟರ್ ಉದ್ದದ್ದಾದರೆ ಒಂದರಲ್ಲಿ ಎರಡೂವರೆ ಲೀಟರಿಗೂ ಹೆಚ್ಚು. ಕೊಳವೆ ಕಳಚಿ ಬರಿದು ಮಾಡಿದ್ದರೆ ಬಿಸಿಲಿನಲ್ಲಿ ತಣ್ಣೀರು ತುಂಬಲೇಬಾರದು, ಗಾಜು ಒಡೆಯುತ್ತದೆ. ತಾಡಪಾಲು ಹೊದಿಸಿ, ಸಂಜೆ ತಣಿದ ಮೇಲೆ ತುಂಬಿ. ಹಿಂದಿನ ರಾತ್ರಿಯೇ ಬಿಸಿನೀರು ಬಳಸಿ ಮುಗಿಸಿದ್ದರೆ ಕೈ ಸುಟ್ಟುಕೊಳ್ಳುವುದೂ ತಪ್ಪುತ್ತದೆ. (ಹಿಂದಿನವರ ಹಂಡೆಗೆ ಡ್ರೈನ್ ವಾಲ್ವ್ ಬೇಕಿರಲಿಲ್ಲ, ಚೊಂಬು ಸಾಕಿತ್ತು.)

ರಿಪೇರಿಗೆ ಸಾಮಾನು ಕಡಿಮೆ: ಒಂದು ಎಲ್ಬೋ, ಪೈಪಿಗೆ ಪೈಪ್ ಸೇರಿಸುವ ಎರಡು ಕಪ್ಲರ್, ಒಂದಡಿ ಪೈಪ್, ಸಿಪಿವಿಸಿಗೇ ಇರುವ ಸಿಮೆಂಟಿನ ಚಿಕ್ಕ ಡಬ್ಬಿ. ಅಂಟಿಸಿದ ಜೋಡಣೆಯನ್ನು ಬಿಚ್ಚಲಾಗದು. ಅದೇ ಈ ಪೈಪಿನ ದೊಡ್ಡ ಕೊರತೆ. ಸೋರುವ ಎಲ್ಬೋದ ಎರಡೂ ಬದಿಗೆ ಎರಡೆರಡು ಇಂಚು ಬಿಟ್ಟು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು ಒರೆಸಿ. ಪೈಪಿಗೆ ಧಾರಾಳವಾಗಿ, ಸಾಕೆಟಿನ ಒಳಗೆ ತೆಳುವಾಗಿ ಸಿಮೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಬುಡದವರೆಗೆ ಒತ್ತಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಬೇಗ ಬಿಟ್ಟರೆ ಪೈಪ್ ತಾನೇ ಹಿಂದಕ್ಕೆ ಸರಿಯುತ್ತದೆ. ಕರಾವಳಿಯ ತೇವದ ಹವೆಗೆ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಸಾಲದು. ಮರುದಿನದ ತನಕ ಬಿಸಿನೀರು ಬಿಡಬೇಡಿ. ಸೋರುವಲ್ಲಿ ಎಂ-ಸೀಲ್ ಮೆತ್ತಿದರೆ ಪೈಪ್ ಹಿಗ್ಗಿ ಕುಗ್ಗುವಾಗ ಪುಟ್ಟಿ ಬಿಟ್ಟುಕೊಳ್ಳುತ್ತದೆ.

ನೀರು ಬಿಡುವಾಗ ಎಲ್ಲ ಬಿಸಿನೀರಿನ ನಲ್ಲಿ ತೆರೆದಿಡಿ, ಗಾಳಿ ಉಗುಳುವುದು ನಿಂತ ಮೇಲೆ ಒಂದೊಂದಾಗಿ ಮುಚ್ಚಿ. ತಾರಸಿಯ ಬಯಲಿನಲ್ಲಿರುವ ಪೈಪಿಗೆ ಇನ್ಸುಲೇಷನ್ ಸುತ್ತಿ, ಇಲ್ಲವೇ ನೀರಿನಲ್ಲಿ ಕಲಸುವ ಅಕ್ರಿಲಿಕ್ ಪೇಂಟ್ ಹೊಡೆಯಿರಿ; ಬಿಸಿಲಿಗೆ ಬಣ್ಣ ಹೋದ ಪೈಪ್ ಪೆಡಸಾಗಿರುತ್ತದೆ. ಹೇಗೂ ಪೈಪ್ ಕತ್ತರಿಸಿದ್ದೀರಲ್ಲ, ಹೀಟರಿನ ಬಾಯಿಯ ಹತ್ತಿರ ಬಿಚ್ಚಿ ಮತ್ತೆ ಜೋಡಿಸಬಹುದಾದ ಒಂದು ಸಿಪಿವಿಸಿ ಯೂನಿಯನ್ ಹಾಕಿ, ತಣ್ಣೀರಿನ ಗೇಟ್ ವಾಲ್ವ್ ಕಿತ್ತು ಬಾಲ್ ವಾಲ್ವ್ ಕೂರಿಸಿಬಿಡಿ. ಜೂನ್ ಮಳೆಗೆ ಪಾಚಿಗಟ್ಟಿದ ತಾರಸಿ ಮೇಲೆ ಗರಗಸ ಹಿಡಿದು ನಿಲ್ಲುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.