ಡೀಸೆಲ್ ಕ್ಯಾಂಪರ್ ವ್ಯಾನ್ ಕೊಳ್ಳುವ ಮುನ್ನ ನಿಮ್ಮ ಓಡಾಟದ ಲೆಕ್ಕ ಹಾಕಿಕೊಳ್ಳಿ

ಅಮೆರಿಕದ ಡೆನ್ವರ್‌ನಲ್ಲಿ ನೆಲೆಸಿರುವ ನಾವು ಎರಡು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗಬಹುದಾದ ವ್ಯಾನ್) ಒಂದನ್ನು ಕೊಂಡು, ಒಂದೂವರೆ ವರ್ಷದೊಳಗೆ ನಷ್ಟಕ್ಕೆ ಮಾರಿದೆವು. ಹೆಚ್ಚುಕಡಿಮೆ ಅದೇ ಬೆಲೆಗೆ ಪೆಟ್ರೋಲ್ ವ್ಯಾನ್, ಅಂದರೆ ಇಲ್ಲಿಯವರ ಮಾತಿನಲ್ಲಿ ಗ್ಯಾಸ್ ವ್ಯಾನ್, ನಮ್ಮ ಕಣ್ಣೆದುರೇ ಇತ್ತು. ಈ ಆಯ್ಕೆಯ ಮುಂದೆ ನಿಂತಿರುವ ಕನ್ನಡಿಗ ಕುಟುಂಬಗಳು ನಾವು ಪಟ್ಟ ಪಾಡು ಪಡಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಡೀಸೆಲ್ ಎಂಜಿನ್ ಹೆಚ್ಚು ಬಾಳಿಕೆ ಬರುತ್ತದೆ, ಮೈಲೇಜ್ ಚೆನ್ನಾಗಿದೆ, ಬೆಟ್ಟದ ಏರಿನಲ್ಲಿ ಸುಸ್ತಾಗುವುದಿಲ್ಲ ಎಂದು ತಿಳಿದವರೆಲ್ಲರೂ ಹೇಳಿದ್ದರು. ಅವರು ಸುಳ್ಳು ಹೇಳಿರಲಿಲ್ಲ. 11,000 ಅಡಿಗೂ ಮೇಲಿರುವ ಐಸೆನ್‌ಹೋವರ್ ಸುರಂಗದ ಏರನ್ನು ನಮ್ಮ ವ್ಯಾನ್ ಸಲೀಸಾಗಿ ಹತ್ತುತ್ತಿತ್ತು. ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಹಾಗೆ ಹತ್ತಲಾರದು. ಆದರೆ ಅಂಥ ಪ್ರಯಾಣ ನಮಗೆ ತಿಂಗಳಿಗೊಮ್ಮೆ ಒದಗಿದರೆ ಹೆಚ್ಚು. ಉಳಿದ ದಿನಗಳಲ್ಲಿ ಆ ವ್ಯಾನ್ ಮಗಳನ್ನು ಮೂರು ಮೈಲಿ ದೂರದ ಶಾಲೆಗೆ ಬಿಟ್ಟು, ತರಕಾರಿ ತಂದು, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮನೆಯ ಮುಂದೆ ನಿಲ್ಲುತ್ತಿತ್ತು.

ನಮ್ಮ ವ್ಯಾನ್ ಕೆಟ್ಟದ್ದು ಈ ಸಣ್ಣ ಓಡಾಟದಿಂದಲೇ. ಈಗಿನ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ತುಂಬಿದ ಮಸಿ ಸುಟ್ಟು ಬೂದಿಯಾಗಬೇಕಾದರೆ ಒಳಗಿನ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು, ಅದಕ್ಕಾಗಿ ವಾಹನ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ಸಮನೆ ಓಡಬೇಕು. ನಾವು ಪ್ರತಿ ಸಲವೂ ಆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆವು. ಇದಲ್ಲದೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕ್ ಇರುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಅದಕ್ಕೆ ಡಿಇಎಫ್ ಎಂಬ, 32.5% ಯೂರಿಯಾ ಬೆರೆಸಿದ ನೀರನ್ನು ತುಂಬಬೇಕು. ಅದು ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆಯಾದ್ದರಿಂದ ಟ್ಯಾಂಕಿಗೇ ಒಂದು ಹೀಟರ್, ಅದರ ಮೇಲೆ ಕಣ್ಣಿಡಲು ಸೆನ್ಸರ್‌ಗಳು. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಎಂಜಿನ್ ಗಟ್ಟಿಮುಟ್ಟಾಗಿದ್ದೂ ಪ್ರಯೋಜನವಿಲ್ಲ. ಪೆಟ್ರೋಲ್ ವ್ಯಾನಿನಲ್ಲಿ ಡಿಇಎಫ್ ಟ್ಯಾಂಕಿನ ಗೊಡವೆಯೇ ಇಲ್ಲ.

ಚಳಿಗಾಲದಲ್ಲಿ ಡ್ಯಾಶ್‌ಬೋರ್ಡಿನ ಹಳದಿ ದೀಪ ಎರಡು ಸಲ ಹೊತ್ತಿ ತಾನಾಗಿಯೇ ಆರಿತು, ನಾವು ಗಮನ ಕೊಡಲಿಲ್ಲ. ಏಪ್ರಿಲ್‌ನಲ್ಲಿ, ಊರಿನಿಂದ ಬಂದಿದ್ದ ಅತ್ತೆಯವರನ್ನೂ ಕರೆದುಕೊಂಡು ಪಕ್ಕದ ಯೂಟಾ ರಾಜ್ಯಕ್ಕೆ ಹೊರಟೆವು. ಗ್ರೀನ್ ರಿವರ್ ಎಂಬ ಪುಟ್ಟ ಊರಿನ ಬಂಕಿನಲ್ಲಿ ಡೀಸೆಲ್ ತುಂಬಿಸಿ ಕೀಲಿ ತಿರುಗಿಸಿದಾಗ, ಇನ್ನು 10 ಸಲ ಮಾತ್ರ ಸ್ಟಾರ್ಟ್ ಆಗುತ್ತದೆ ಎಂಬ ಸಂದೇಶ ಪರದೆಯ ಮೇಲೆ ಮೂಡಿತು. ಹೊಗೆ ನಿಯಂತ್ರಣ ವ್ಯವಸ್ಥೆ ಕೆಟ್ಟಿರುವಾಗ ಯಾರೂ ಓಡಿಸುತ್ತಲೇ ಇರಬಾರದೆಂದು ವಾಹನವನ್ನು ಹಾಗೆ ರೂಪಿಸಿರುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಸಲೈನಾ ಊರಿನವರೆಗೆ ಸುಮಾರು 110 ಮೈಲಿ ಬಂಕ್ ಆಗಲಿ, ಹೋಟೆಲ್ ಆಗಲಿ, ಗ್ಯಾರೇಜ್ ಆಗಲಿ ಇಲ್ಲ. ಅತ್ತೆಯವರು ಶೌಚಾಲಯಕ್ಕೆ ಹೋಗಿ ಬರುವವರೆಗೂ ಎಂಜಿನ್ ಆರಿಸಲು ಧೈರ್ಯ ಸಾಲದೆ, ಸ್ಟೀರಿಂಗ್ ಹಿಡಿದುಕೊಂಡೇ ಕುಳಿತಿದ್ದೆ. ಅವರು ಬಂದು, "ಏನಾಯ್ತಪ್ಪಾ, ಮುಖ ಯಾಕೆ ಹೀಗಾಗಿದೆ?" ಎಂದು ಕೇಳಿದಾಗ ಏನು ಹೇಳಬೇಕೆಂದೇ ತೋಚಲಿಲ್ಲ.

ನೂರು ಮೈಲಿ ಹಿಂದಿದ್ದ ಗ್ರ್ಯಾಂಡ್ ಜಂಕ್ಷನ್ ಕಡೆಗೆ ತಿರುಗಿದೆವು. ಅರ್ಧ ದಾರಿಯಲ್ಲಿ ಎಂಜಿನ್ನಿನ ಶಕ್ತಿ ಕುಸಿಯಿತು. 80 ಮೈಲಿ ವೇಗಮಿತಿಯ ಹೆದ್ದಾರಿಯಲ್ಲಿ, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು 40 ಮೈಲಿಯಲ್ಲಿ ತೆವಳುತ್ತಿದ್ದೆವು; ಪ್ರತಿ ಟ್ರಕ್ ಪಕ್ಕದಲ್ಲಿ ಹಾದಾಗಲೂ ವ್ಯಾನ್ ಅಲುಗುತ್ತಿತ್ತು, ಹಿಂದಿನ ಸೀಟಿನಲ್ಲಿ ಮಗಳು ಅಜ್ಜಿಯ ಕೈ ಬಿಟ್ಟಿರಲಿಲ್ಲ. ಊರು ಮುಟ್ಟಿದ ಮೇಲೂ ಮೂರು ಗ್ಯಾರೇಜ್‌ಗಳು, ಎತ್ತರದ ಕ್ಯಾಂಪರ್ ತಮ್ಮ ಶೆಡ್ಡಿನೊಳಗೆ ಹಿಡಿಸುವುದಿಲ್ಲವೆಂದು ಕೈಚೆಲ್ಲಿದವು. ನಾಲ್ಕನೆಯವರು ಒಪ್ಪಿಕೊಂಡರು, ಆದರೆ ಸೆನ್ಸರ್ ಬರಲು ಒಂಬತ್ತು ದಿನ ಹಿಡಿಯಿತು. ಸೆನ್ಸರ್ ಬದಲಿಸಿ, ಫಿಲ್ಟರ್ ಶುಚಿ ಮಾಡಿಸಿದ್ದಕ್ಕೆ ತೆತ್ತ ಹಣದಲ್ಲಿ ಊರಿಗೆ ಹೋಗಿಬರುವ ಎರಡು ವಿಮಾನ ಟಿಕೆಟ್ ಬರುತ್ತಿದ್ದವು.

ಡೀಸೆಲ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ದೂರ ಓಡಿಸುವವರಿಗೆ, ಹಿಂದೆ ಟ್ರೈಲರ್ ಎಳೆಯುವವರಿಗೆ ಅದು ಒಳ್ಳೆಯದೇ. ನಮ್ಮ ಹಾಗೆ ಊರೊಳಗಿನ ಕೆಲಸಕ್ಕೂ ಅದನ್ನೇ ಬಳಸುವವರು ಮಾತ್ರ ಪೆಟ್ರೋಲ್ ವ್ಯಾನನ್ನೇ ಕೊಳ್ಳಲಿ. 2020ರ ಏಪ್ರಿಲ್‌ನಿಂದ ಭಾರತದಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಯಾದ ಮೇಲೆ ಅಲ್ಲಿನ ಹೊಸ ಡೀಸೆಲ್ ಕಾರುಗಳಲ್ಲೂ ಡಿಪಿಎಫ್ ಇರುವುದರಿಂದ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಐದಾರು ಕಿಲೋಮೀಟರ್ ಓಡಿಸುವವರಿಗೂ ಈ ಮಾತು ಸಲ್ಲುತ್ತದೆ. ಹಳೆಯ ಡೀಸೆಲ್ ವ್ಯಾನನ್ನೇ ಕೊಳ್ಳುವುದಾದರೆ ಓಡಿದ ಮೈಲಿಯನ್ನಷ್ಟೇ ನೋಡಬೇಡಿ, ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬುದನ್ನೂ ತೆಗೆಸಿ ನೋಡಿ. ಮೈಲಿ ಕಡಿಮೆಯಿದ್ದು ಗಂಟೆ ಹೆಚ್ಚಿದ್ದರೆ ಅದು ನಿಂತಲ್ಲೇ ಉರಿದ ಎಂಜಿನ್, ಮಸಿ ಕಟ್ಟಿರುವ ಸಾಧ್ಯತೆ ಹೆಚ್ಚು. ಹಣ ಕೊಡುವ ಮೊದಲೇ ಹತ್ತಿರದ ಗ್ಯಾರೇಜಿಗೆ ಫೋನ್ ಮಾಡಿ, ವ್ಯಾನಿನ ಎತ್ತರ ತಿಳಿಸಿ, ಒಳಗೆ ಬಿಟ್ಟುಕೊಳ್ಳುತ್ತಾರೆಯೇ ಎಂದು ಕೇಳಿಕೊಳ್ಳಿ.

ನಮ್ಮ ವ್ಯಾನನ್ನು ಕೊಂಡವರು ವರ್ಷದ ಬಹುಭಾಗ ರಸ್ತೆಯ ಮೇಲೆಯೇ ಇರುವ ದಂಪತಿ. ರಿಪೇರಿಯ ರಸೀದಿಗಳನ್ನೆಲ್ಲ ಅವರ ಕೈಗಿಟ್ಟು, ಗ್ರೀನ್ ರಿವರ್‌ನಲ್ಲಿ ನಡೆದದ್ದನ್ನು ಹೇಳಿದ ಮೇಲೆಯೇ ಕೀಲಿ ಕೊಟ್ಟೆವು.